ಒಂದು ಪದ್ಯ, ಮೂರು ವಾರ: ಪಂಪನನ್ನು ನಾನು ಓದಿದ್ದು ಹೀಗೆ

ಪಂಪಭಾರತವನ್ನು ನಾನು ಶುರು ಮಾಡಿದ್ದು ಗದ್ಯಾನುವಾದ ಪಕ್ಕದಲ್ಲಿ ಇಟ್ಟುಕೊಂಡು. ಆದರೆ ಅರ್ಥ ಪಕ್ಕದಲ್ಲೇ ಇದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ, ಅಲ್ವಾ? ಒಂಬತ್ತನೇ ಆಶ್ವಾಸದ (ಅಂದರೆ ಅಧ್ಯಾಯದ) ಒಂದು ಪದ್ಯಕ್ಕೆ ಬಂದಾಗ ಅನುವಾದವನ್ನು ಮುಚ್ಚಿಟ್ಟೆ. ‘ನೆತ್ತಮನಾಡಿ ಭಾನುಮತಿ ಸೋಲ್ತೊಡೆ ಸೋಲಮನೀವುದೆಂದು ಕಾಡುತ್ತಿರೆ ಲಂಬಣಂ ಪರಿಯೆ’ ಎಂದು ಶುರುವಾಗುವ ಪದ್ಯ ಅದು. ಪಾಂಡವರ ಕಡೆ ಬಾ ಎಂದು ಕೃಷ್ಣ ಕರೆದಾಗ, ದುರ್ಯೋಧನನನ್ನು ಯಾಕೆ ಬಿಡಲಾರೆ ಅಂತ ಕರ್ಣ ಹೇಳುವ ಮಾತು.

ಮೊದಲು ಜೋರಾಗಿ ಓದಿದೆ, ನಾಲ್ಕೈದು ಸಲ. ಆಮೇಲೆ ಪೆನ್ಸಿಲ್ಲಿನಿಂದ ಪದ ಬಿಡಿಸಿದೆ. ‘ಪರಿಯೆ’ ಅಂದರೆ ಹರಿಯಲು, ಕಿತ್ತುಹೋಗಲು; ಪಕಾರ ಹಕಾರವಾಗಿದೆ ಅಷ್ಟೆ. ‘ನೆತ್ತ’ ಪಗಡೆಯಾಟ, ‘ಲಂಬಣ’ ಹಾರ. ಮುಂದೆ ‘ಇವನಾಯ್ವುದೊ’ ಅಂತ ಬರುತ್ತದಲ್ಲ, ಅಲ್ಲಿ ಎರಡು ದಿನ ನಿಂತುಬಿಟ್ಟೆ. ಇವನು ಯಾರು? ನಿಘಂಟು, ವ್ಯಾಕರಣ ಎರಡನ್ನೂ ತಿರುವಿದ ಮೇಲೆ ಗೊತ್ತಾಯಿತು: ಅದು ‘ಇವಂ’, ಇವುಗಳನ್ನು. ಚೆಲ್ಲಿದ ಮುತ್ತುಗಳನ್ನು! ಇವನ್ನು ಆಯ್ದುಕೊಡಲೇ ಎಂದು ಸಿಟ್ಟಿಲ್ಲದೆ ಕೇಳಿದ ರಾಜ ದುರ್ಯೋಧನ. ಅದು ತಿಳಿದ ಕ್ಷಣ ಮೈ ಜುಂ ಎಂದಿತು.

ಆಮೇಲೆ ನಾನು ಮಾಡಿದ ಕೆಲಸ, ಪ್ರತಿ ಕ್ರಿಯಾಪದದ ಮೇಲೂ ‘ಯಾರು?’ ಎಂದು ಬರೆದದ್ದು. ಸೋತವಳು ದುರ್ಯೋಧನನ ಹೆಂಡತಿ ಭಾನುಮತಿ, ಅದು ಸ್ಪಷ್ಟ. ಸೋತಿದ್ದನ್ನು ಕೊಡು ಅಂತ ಕಾಡಿದ್ದು ಯಾರು? ಪಂಪ ಹೇಳುವುದಿಲ್ಲ. ‘ಕಾಡುತ್ತಿರೆ’ ಎನ್ನುವ ರೂಪಕ್ಕೆ ಬೇರೆ ಕರ್ತೃ ಇರಬಹುದು, ಅದನ್ನು ಬಾಯಿಬಿಟ್ಟು ಹೇಳಲೇಬೇಕು ಅಂತೇನಿಲ್ಲ. ಕರ್ಣ ಆಡಿದನೋ, ದುರ್ಯೋಧನ ಆಡುವಾಗ ಕರ್ಣ ಪಕ್ಕದಲ್ಲಿದ್ದನೋ ಅಂತ ವಿದ್ವಾಂಸರು ಬಹಳ ಕಾಲದಿಂದ ವಾದ ಮಾಡಿದ್ದಾರೆ. ನಾನಂತೂ ಶಾಲೆಯಲ್ಲಿ ಕೇಳಿದ ಕತೆಯನ್ನು ಪದ್ಯದೊಳಗೆ ತುಂಬಿಕೊಂಡು, ಇದರಲ್ಲಿ ಪ್ರಶ್ನೆಯೇ ಇಲ್ಲ ಅಂದುಕೊಂಡಿದ್ದೆ.

ಈಗ ನನಗೆ ಕರ್ಣನೇ ಆಡಿದ ಅನ್ನಿಸುತ್ತದೆ. ಗಂಡ ತಾನೇ ಎಳೆದು ಹರಿದ ಹಾರವಾಗಿದ್ದರೆ, ಅವನು ಸಿಟ್ಟಾಗಲಿಲ್ಲ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಆ ನಂಬಿಕೆಯ ಋಣವನ್ನೇ ಅಲ್ವಾ ಕರ್ಣ ಕೃಷ್ಣನ ಮುಂದೆ ಇಡುತ್ತಿರುವುದು? ಆದರೂ ನನ್ನ ಪ್ರತಿಯಲ್ಲಿ ‘ಕಾಡುತ್ತಿರೆ’ ಪಕ್ಕದ ಪ್ರಶ್ನೆ ಚಿಹ್ನೆಯನ್ನು ಅಳಿಸಿಲ್ಲ.