ಮನೆಗೆ ಮೊದಲ ಡ್ಯಾನ್ಸ್ ಪೋಲ್: ಹಣ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಪೋಲ್ ಡ್ಯಾನ್ಸ್ ಕಲಿಯತೊಡಗಿದವರಿಗೆ ತರಗತಿಯ ಹೊತ್ತು ಸಾಲದೆಂದು ಬಲುಬೇಗ ಅನ್ನಿಸುತ್ತದೆ. ಮನೆಯಲ್ಲೇ ಒಂದು ಪೋಲ್ ನಿಲ್ಲಿಸಿಕೊಳ್ಳುವ ಯೋಚನೆ ಹುಟ್ಟುವುದು ಅಲ್ಲಿಂದಲೇ. ಕೈಯಲ್ಲಿರುವ ಹಣ ಕಡಿಮೆಯಾದಾಗ ಕಣ್ಣು ಮೊದಲು ಬೆಲೆಯ ಕಡೆಗೆ ಹೋಗುವುದು ಸಹಜ. ಆದರೆ ಇದು ಮನುಷ್ಯನ ಇಡೀ ಭಾರವನ್ನು, ಅದೂ ಕೆಲವೊಮ್ಮೆ ತಲೆಕೆಳಗಾಗಿ ತೂಗುವ ಭಾರವನ್ನು ಹೊರಬೇಕಾದ ಸಾಧನ. ಆದ್ದರಿಂದ ಪೋಲ್ ಅನ್ನು ನೆಲಕ್ಕೂ ಸೂರಿಗೂ ಬಿಗಿಯಾಗಿ ಹಿಡಿದಿಡುವ ಭಾಗಗಳಲ್ಲಿ ಒಂದು ಕಾಸನ್ನೂ ಉಳಿಸಲು ಹೋಗಬಾರದು. ಹೊಳಪು, ಬಣ್ಣ, ತಿರುಗುವ ಸೌಲಭ್ಯ ಮುಂತಾದವುಗಳಲ್ಲಿ ಎಷ್ಟು ಬೇಕಾದರೂ ಉಳಿಸಬಹುದು.

ಪೋಲ್‌ಗಳ ಚಿತ್ರ ನೋಡುತ್ತ ಕೂರುವ ಮೊದಲು ಟೇಪು ಹಿಡಿದು ಏಣಿ ಹತ್ತುವುದು ಒಳ್ಳೆಯದು. ಮನೆಬಳಕೆಯ ಬಹುಪಾಲು ಪೋಲ್‌ಗಳು ಒತ್ತಡದ ಬಲದಿಂದ ನಿಲ್ಲುವಂಥವು. ಬುಡದ ಬಳಿಯ ತಿರುಪನ್ನು ತಿರುಗಿಸಿದಂತೆಲ್ಲ ಪೋಲ್ ಉದ್ದವಾಗುತ್ತ ಹೋಗಿ, ತುದಿಯಲ್ಲಿರುವ ಅಗಲವಾದ ತಟ್ಟೆ ಸೂರಿಗೆ ಒತ್ತಿಕೊಳ್ಳುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಪೋಲ್ ಅಕ್ಕಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಗೋಡೆಗಾಗಲಿ ಸೂರಿಗಾಗಲಿ ತೂತು ಕೊರೆಯಬೇಕಾಗಿಲ್ಲ, ಬೇಡವಾದಾಗ ಬಿಚ್ಚಿ ಮೂಲೆಗಿಡಬಹುದು ಎಂಬುದು ಇದರ ಅನುಕೂಲ. ಆದರೆ ಸೂರು ಆ ಒತ್ತಡವನ್ನು ತಾಳಬೇಕು. ಕಾಂಕ್ರೀಟಿನ ತಾರಸಿಯಾದರೆ ಚಿಂತೆಯಿಲ್ಲ. ಮರದ ತೊಲೆಗಳಿಗೆ ಜಿಪ್ಸಮ್ ಬೋರ್ಡ್ ಹೊಡೆದ ಸೂರಾಗಿದ್ದರೆ ತೊಲೆ ಎಲ್ಲಿ ಹಾದುಹೋಗಿದೆಯೆಂದು ಸ್ಟಡ್ ಫೈಂಡರ್‌ನಿಂದ ಹುಡುಕಿ, ತಟ್ಟೆಯನ್ನು ಸರಿಯಾಗಿ ಅದರ ಕೆಳಗೇ ಕೂರಿಸಬೇಕು. ಎರಡು ತೊಲೆಗಳ ನಡುವಿನ ಖಾಲಿ ಬೋರ್ಡಿಗೆ ಒತ್ತಿದರೆ ಅದು ಬಿರುಕು ಬಿಡುತ್ತದೆ, ಇಲ್ಲವೇ ಬಳುಕುತ್ತ ಪೋಲ್‌ನ ಹಿಡಿತವನ್ನು ಸಡಿಲಗೊಳಿಸುತ್ತದೆ. ತೂಗುಬಿಟ್ಟ ಫಾಲ್ಸ್ ಸೀಲಿಂಗ್‌ನ ಕೆಳಗೆ ಈ ಬಗೆಯ ಪೋಲ್ ನಿಲ್ಲಿಸುವ ಮಾತನ್ನೇ ಆಡಬಾರದು. ಇಳಿಜಾರಾದ ಸೂರಿಗೂ ಇದು ಹೊಂದುವುದಿಲ್ಲ.

ಎತ್ತರವನ್ನು ಪೋಲ್ ನಿಲ್ಲಬೇಕಾದ ಜಾಗದಲ್ಲೇ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು, ಏಕೆಂದರೆ ಒಂದೇ ಕೋಣೆಯ ಎರಡು ಮೂಲೆಗಳ ನಡುವೆಯೂ ವ್ಯತ್ಯಾಸವಿರುವುದುಂಟು. ಪ್ರತಿ ಪೋಲ್‌ಗೂ ತನ್ನದೇ ಆದ ಎತ್ತರದ ಮಿತಿಯಿರುತ್ತದೆ. ಉದಾಹರಣೆಗೆ ಎಕ್ಸ್-ಪೋಲ್ ಕಂಪನಿಯ ಎಕ್ಸ್‌ಪರ್ಟ್ ಮಾದರಿ ಹೆಚ್ಚುವರಿ ಕೊಳವೆಯಿಲ್ಲದೆ ಸುಮಾರು 2235 ರಿಂದ 2745 ಮಿಲಿಮೀಟರ್ ಎತ್ತರದ ಸೂರಿಗೆ ಹೊಂದುತ್ತದೆ. ಸೂರು ಅದಕ್ಕಿಂತ ಎತ್ತರವಾದರೆ ಎಕ್ಸ್‌ಟೆನ್ಷನ್ ಕೊಳವೆಯನ್ನು ಬೇರೆಯಾಗಿ ಕೊಳ್ಳಬೇಕು, ಮತ್ತು ಆ ಖರ್ಚು ಪೋಲ್‌ನ ಬೆಲೆಯಲ್ಲಿ ಸೇರಿರುವುದಿಲ್ಲ. ಅಗ್ಗವೆಂದು ಕಂಡ ಪೋಲ್ ಕೊನೆಗೆ ದುಬಾರಿಯಾಗುವ ಸಾಮಾನ್ಯ ದಾರಿ ಇದೇ. ಸುತ್ತಲಿನ ಜಾಗದ ವಿಷಯದಲ್ಲಿ, ಕೈ ಚಾಚಿದರೂ ಕಾಲು ಬೀಸಿದರೂ ಏನೂ ತಾಗದಂತೆ ಎಲ್ಲ ದಿಕ್ಕಿಗೂ ಸುಮಾರು ಒಂದೂವರೆ ಮೀಟರ್ ಬಿಟ್ಟುಕೊಳ್ಳುವುದು ಕ್ಷೇಮ. ನೇತಾಡುವ ಫ್ಯಾನು ಮತ್ತು ದೀಪಗಳನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು.

ಸೂರು ಒಗ್ಗದಿದ್ದವರಿಗೆ ಎರಡು ದಾರಿಗಳಿವೆ. ಸ್ವಂತ ಮನೆಯಾದರೆ, ಕಟ್ಟಡದ ಕೆಲಸ ಬಲ್ಲವರಿಂದ ಸೂರಿಗೆ ಬೋಲ್ಟ್ ಹಾಕಿಸಿ ಕಾಯಂ ಜೋಡಣೆ ಮಾಡಿಸಿಕೊಳ್ಳಬಹುದು. ಎತ್ತರದ ಅಥವಾ ಇಳಿಜಾರಿನ ಸೂರಿಗೆ ಅದೇ ಸರಿ. ಇನ್ನೊಂದು, ಅಗಲವಾದ ಭಾರೀ ವೇದಿಕೆಯ ಮೇಲೆ ತಾನಾಗಿಯೇ ನಿಲ್ಲುವ ಸ್ಟೇಜ್ ಪೋಲ್. ಇದು ನೆಲದ ಜಾಗವನ್ನೆಲ್ಲ ನುಂಗುತ್ತದೆ, ಬೆಲೆಯೂ ಹೆಚ್ಚು, ಒಳ್ಳೆಯದರಲ್ಲಿ ಕೂಡ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ. ಅಗ್ಗದ ಸ್ಟೇಜ್ ಪೋಲ್ ಕೊಳ್ಳುವುದಕ್ಕಿಂತ ಕೊಳ್ಳದೆ ಇರುವುದೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಪೋಲ್‌ನ ಗುಣಮಟ್ಟ. ಜಾಹೀರಾತಿನ ಚಿತ್ರದಲ್ಲಿ ಎಲ್ಲ ಪೋಲ್‌ಗಳೂ ಒಂದೇ ರೀತಿ ಹೊಳೆಯುತ್ತವೆ. ವ್ಯತ್ಯಾಸವಿರುವುದು ಕೊಳವೆಯ ದಪ್ಪದಲ್ಲಿ. 45 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆಯ ಗೋಡೆ 3 ಮಿಲಿಮೀಟರ್ ದಪ್ಪವಿದ್ದರೆ ಅದು ಮೀಟರಿಗೆ ಸುಮಾರು 3.1 ಕಿಲೋ ತೂಗುತ್ತದೆ, 1.5 ಮಿಲಿಮೀಟರ್ ಇದ್ದರೆ 1.6 ಕಿಲೋ ಮಾತ್ರ. ಲೆಕ್ಕ ಹಾಕಿ ನೋಡಿದರೆ, ಬಾಗದೆ ನಿಲ್ಲುವ ಶಕ್ತಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಸುಮಾರು 80 ಪ್ರತಿಶತ ಗಟ್ಟಿ. ಆದ್ದರಿಂದ ಗೋಡೆಯ ದಪ್ಪವನ್ನು ಮಾರಾಟಗಾರರು ಹೇಳದಿದ್ದಾಗ ಒಟ್ಟು ತೂಕವನ್ನು ಕೇಳಿ, ಹೆಸರಾಂತ ಕಂಪನಿಯ ಅದೇ ಉದ್ದದ ಪೋಲ್‌ನ ತೂಕದೊಂದಿಗೆ ಹೋಲಿಸಬೇಕು. ಸಾಗಿಸಲು ಬಲು ಹಗುರ ಎಂಬ ಹೊಗಳಿಕೆ ಇಲ್ಲಿ ಎಚ್ಚರಿಕೆಯ ಗಂಟೆಯೇ ಸರಿ. ಸ್ನಾನದ ಮನೆಯ ಪರದೆಯ ಸರಳಿನಂತೆ ಒಳಗಿನ ಸ್ಪ್ರಿಂಗಿನ ಬಲದಿಂದಷ್ಟೇ ನಿಲ್ಲುವ ಪೋಲ್‌ಗಳೂ ಮಾರಾಟಕ್ಕಿರುತ್ತವೆ. ಅವು ಅಲಂಕಾರಕ್ಕೆ ಆದಾವು, ಹತ್ತುವುದಕ್ಕೆ ಆಗುವುದಿಲ್ಲ.

ಕೀಲುಗಳನ್ನೂ ಹೀಗೆಯೇ ಪರೀಕ್ಷಿಸಬೇಕು. ಒಳ್ಳೆಯ ಪೋಲ್‌ನಲ್ಲಿ ಎರಡು ಕೊಳವೆಗಳು ಸೇರುವಲ್ಲಿ, ಅಲೆನ್ ಕೀಯಿಂದ (ತಿರುಪು ಬಿಗಿಯುವ ಆರು ಮೂಲೆಯ ಸರಳು) ಬಿಗಿಗೊಳಿಸಿದಾಗ ಅಗಲವಾಗಿ ಕೊಳವೆಯನ್ನು ಒಳಗಿನಿಂದ ಕಚ್ಚಿ ಹಿಡಿಯುವ ಕೀಲು ಇರುತ್ತದೆ. ಹೊರಗಿನಿಂದ ಬೆರಳಾಡಿಸಿದರೆ ಸೇರಿದ ಗೆರೆ ತಿಳಿಯಬಹುದು, ಚರ್ಮ ಸಿಕ್ಕಿಕೊಳ್ಳುವಷ್ಟು ಸಂದು ಇರಬಾರದು. ಕಡಿಮೆ ಬೆಲೆಯವುಗಳಲ್ಲಿ ಕೊಳವೆಗಳನ್ನು ಬರಿದೆ ಒಂದರೊಳಗೊಂದು ತೂರಿಸಿರುತ್ತಾರೆ, ಎತ್ತರ ಹೊಂದಿಸುವ ತಿರುಪಿನ ಎಳೆಗಳು ಬಯಲಾಗಿ ಕಾಣುತ್ತಿರುತ್ತವೆ. ತುಂಡುಗಳು ಹೆಚ್ಚಾದಷ್ಟೂ ಅಲುಗಾಟದ ಸಾಧ್ಯತೆಯೂ ಹೆಚ್ಚು. ಭಾರದ ಮಿತಿಯನ್ನು ಓದುವಾಗ ನೆನಪಿಡಬೇಕಾದದ್ದು, ಸುಮ್ಮನೆ ನೇತಾಡುವ ದೇಹಕ್ಕಿಂತ ರಭಸದಿಂದ ಸುತ್ತುವ ದೇಹವು ಪೋಲ್ ಅನ್ನು ಹೆಚ್ಚು ಜಗ್ಗುತ್ತದೆ ಎಂಬುದು. ನಿಮ್ಮ ತೂಕಕ್ಕೂ ಮಿತಿಗೂ ನಡುವೆ ಧಾರಾಳವಾದ ಅಂತರವಿರಬೇಕು. ಮಿತಿಯನ್ನೇ ನಮೂದಿಸದ ಪೋಲ್ ಅನ್ನು ಬಿಟ್ಟು ಮುಂದೆ ಹೋಗುವುದು ಲೇಸು.

ವ್ಯಾಸದ ವಿಷಯ ಅಷ್ಟು ಕಷ್ಟದ್ದಲ್ಲ. ಇಂದು ಹೆಚ್ಚಿನ ತರಗತಿಗಳಲ್ಲಿಯೂ ಸ್ಪರ್ಧೆಗಳಲ್ಲಿಯೂ ಬಳಕೆಯಲ್ಲಿರುವುದು 45 ಮಿಲಿಮೀಟರ್. ಹಿಂದೆ 50 ಹೆಚ್ಚು ಚಾಲ್ತಿಯಲ್ಲಿತ್ತು. ಕೈ ಸಣ್ಣದಾಗಿದ್ದವರು 40 ಅಥವಾ 42 ಅನ್ನು ಆರಿಸಿಕೊಳ್ಳುವುದುಂಟು. ತರಗತಿಗೆ ಹೋಗುತ್ತಿದ್ದರೆ ಅಲ್ಲಿನ ಅಳತೆಯನ್ನೇ ಮನೆಗೂ ತರುವುದು ಜಾಣತನ, ಏಕೆಂದರೆ ಕೈಯ ಹಿಡಿತ ಅಳತೆಗೆ ಒಗ್ಗಿಕೊಂಡಿರುತ್ತದೆ.

ತಿರುಗದೆ ನಿಲ್ಲುವ ಪೋಲ್‌ಗೆ ಸ್ಟಾಟಿಕ್ ಎಂದೂ, ಬೇರಿಂಗ್‌ಗಳ ಮೇಲೆ ತಾನೇ ತಿರುಗುವುದಕ್ಕೆ ಸ್ಪಿನ್ ಎಂದೂ ಹೇಳುತ್ತಾರೆ. ಎರಡಕ್ಕೂ ಬದಲಾಯಿಸಬಹುದಾದವೂ ಇವೆ. ಹಣ ಸಾಕಷ್ಟಿದ್ದರೆ ಎರಡೂ ಸೌಲಭ್ಯವಿರುವುದನ್ನು ಕೊಳ್ಳಬಹುದು, ಮುಂದೆ ಮತ್ತೊಂದನ್ನು ಕೊಳ್ಳುವ ಪ್ರಸಂಗ ತಪ್ಪುತ್ತದೆ. ಆದರೆ ಒಂದೇ ಬೆಲೆಗೆ ಗಟ್ಟಿಯಾದ ಸ್ಟಾಟಿಕ್ ಪೋಲ್ ಮತ್ತು ಹೆಸರಿಲ್ಲದ ಸ್ಪಿನ್ ಪೋಲ್ ಎದುರಿಗಿದ್ದರೆ ಸ್ಟಾಟಿಕ್ ಅನ್ನೇ ಆರಿಸಬೇಕು. ಆರಂಭದ ಹತ್ತುವಿಕೆ, ಕೂರುವಿಕೆ, ಸುತ್ತುಗಳನ್ನೆಲ್ಲ ಅದರ ಮೇಲೆಯೇ ಕಲಿಯಬಹುದು. ಕಳಪೆ ಬೇರಿಂಗ್ ಅಥವಾ ತಿರುಗುವಿಕೆಯನ್ನು ತಡೆಹಿಡಿಯಬೇಕಾಗಿದ್ದೂ ಆಟದ ನಡುವೆ ಸಡಿಲಾಗುವ ಲಾಕ್ ತಿರುಪು ಯಾರಿಗೂ ಏನನ್ನೂ ಕಲಿಸುವುದಿಲ್ಲ.

ಲೇಪನದಲ್ಲಿ ಕ್ರೋಮ್ ಎಲ್ಲ ಕಡೆಯೂ ಸಿಗುವಂಥದ್ದು, ಸಾಮಾನ್ಯವಾಗಿ ಅಗ್ಗದ್ದು, ಹೊಸಬರಿಗೆ ಧಾರಾಳವಾಗಿ ಸಾಕು. ಕ್ರೋಮ್‌ನ ಕೆಳಗೆ ನಿಕಲ್ ಪದರವಿರುವುದರಿಂದ, ನಿಕಲ್ ಒಗ್ಗದೆ ಚರ್ಮ ಕೆಂಪಾಗುವವರು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪೌಡರ್ ಕೋಟಿಂಗ್ (ಪುಡಿಬಣ್ಣವನ್ನು ಕಾಯಿಸಿ ಅಂಟಿಸಿದ ಲೇಪನ) ಇರುವುದನ್ನು ನೋಡಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಲೇಪನವೇ ಇಲ್ಲದ ಕಾರಣ ಕಿತ್ತು ಬರುವ ಭಯವೂ ಇಲ್ಲ, ಆದರೆ ಹಿಡಿತ ತುಸು ಕಡಿಮೆಯೆಂದು ಹಲವರಿಗೆ ಅನ್ನಿಸುತ್ತದೆ. ಬೆವರುವ ಕೈಗೆ ಹಿತ್ತಾಳೆ ಚೆನ್ನಾಗಿ ಹಿಡಿಯುತ್ತದೆ, ಬೆಲೆ ಮಾತ್ರ ಮೇಲಿನದು. ಸಿಲಿಕೋನ್ ಹೊದಿಸಿದ ಪೋಲ್ ಮೈತುಂಬ ಬಟ್ಟೆ ತೊಟ್ಟು ಆಡುವವರಿಗಾಗಿ ಇರುವುದು. ಅದರ ಮೇಲೆ ಜಾರುತ್ತ ಸುತ್ತುವುದು ಸಾಧ್ಯವಿಲ್ಲದ ಕಾರಣ ಮೊದಲ ಪೋಲ್ ಆಗಿ ಅದು ಸರಿಯಾದ ಆಯ್ಕೆಯಲ್ಲ.

ಹೊಸದಾದ ಅನಾಮಧೇಯ ಪೋಲ್‌ಗಿಂತ, ಎಕ್ಸ್-ಪೋಲ್ ಅಥವಾ ಸ್ಲೊವೇನಿಯಾದ ಲುಪಿಟ್‌ನಂಥ ಹೆಸರಾಂತ ಕಂಪನಿಯ ಸೆಕೆಂಡ್ ಹ್ಯಾಂಡ್ ಪೋಲ್ ಬಹುಪಾಲು ಸಂದರ್ಭಗಳಲ್ಲಿ ಉತ್ತಮ, ಏಕೆಂದರೆ ದಪ್ಪ ಉಕ್ಕು ಬೇಗ ಸವೆಯುವುದಿಲ್ಲ, ಬಿಡಿಭಾಗಗಳೂ ಸಿಗುತ್ತವೆ. ಕೊಳ್ಳುವ ಮುನ್ನ ಅದನ್ನು ಜೋಡಿಸಿ ನಿಲ್ಲಿಸಿ ತೋರಿಸಲು ಕೇಳಬೇಕು. ಕೊಳವೆಗಳನ್ನು ಸಮತಟ್ಟಾದ ನೆಲದ ಮೇಲೆ ಉರುಳಿಸಿದರೆ ಬಾಗಿರುವುದು ತಾನೇ ಗೊತ್ತಾಗುತ್ತದೆ. ಲೇಪನ ಎದ್ದಿರುವ ಕಡೆ ಉಗುರು ಸಿಕ್ಕಿದರೆ ಅಲ್ಲಿ ಚರ್ಮವೂ ಕೊಯ್ದೀತು. ತಿರುಪಿನ ಎಳೆಗಳು ಸವೆದಿಲ್ಲವೇ, ಬೇರಿಂಗ್ ಕರಕರ ಎನ್ನದೆ ತಿರುಗುವುದೇ, ಅಲೆನ್ ಕೀಗಳು ಮತ್ತು ತಟ್ಟೆಯ ರಬ್ಬರ್ ಉಂಗುರ ಜೊತೆಗಿವೆಯೇ ಎಂದು ಒಂದೊಂದಾಗಿ ನೋಡಬೇಕು. ಹೆಸರಾಂತ ಮಾದರಿಗಳ ನಕಲುಗಳೂ ಓಡಾಡುತ್ತವೆ. ಕೊಂಡ ರಸೀದಿ ತೋರಿಸಲೊಪ್ಪದವರ ಬಳಿ ಚೌಕಾಸಿಯನ್ನೇ ಆರಂಭಿಸಬಾರದು.

ಬಜೆಟ್ ಹಾಕುವಾಗ, ಬಿದ್ದರೆ ಪೆಟ್ಟು ತಗ್ಗಿಸಲು ನೆಲಕ್ಕೆ ಹಾಸುವ ದಪ್ಪ ಮೆತ್ತೆಯಾದ ಕ್ರ್ಯಾಶ್ ಮ್ಯಾಟ್‌ನ ಹಣವನ್ನು ಮೊದಲೇ ಬದಿಗಿಡಬೇಕು. ಪೋಲ್‌ನ ಬುಡವನ್ನು ಸುತ್ತಿಕೊಳ್ಳುವಂತೆ ನಡುವೆ ಸೀಳಿರುವ, ಸುಮಾರು 10 ಸೆಂಟಿಮೀಟರ್ ದಪ್ಪದ ಮ್ಯಾಟ್ ಇದಕ್ಕೆಂದೇ ಸಿಗುತ್ತದೆ. ಯೋಗದ ತೆಳು ಚಾಪೆ ಅದರ ಕೆಲಸ ಮಾಡುವುದಿಲ್ಲ. ಮ್ಯಾಟ್‌ಗೆ ಹಣ ಸಾಲದಿದ್ದರೆ ಅದು ಕೈಸೇರುವ ತನಕ ತಲೆಕೆಳಗಾಗುವ ಭಂಗಿಗಳನ್ನು ಮನೆಯಲ್ಲಿ ಮಾಡಬಾರದು.

ನಿಲ್ಲಿಸುವಾಗ ರಸಮಟ್ಟವನ್ನು ಪೋಲ್‌ನ ಎರಡು ಬದಿಗೆ ಹಿಡಿದು ನೇರವಾಗಿದೆಯೆಂದು ಖಚಿತಪಡಿಸಿಕೊಂಡು, ತಯಾರಕರ ಸೂಚನೆಯಲ್ಲಿರುವಷ್ಟೇ ಬಿಗಿಗೊಳಿಸಬೇಕು. ಕಡಿಮೆಯಾದರೆ ಪೋಲ್ ಜಾರುತ್ತದೆ, ಅತಿಯಾದರೆ ಸೂರು ಬಿರಿಯುತ್ತದೆ. ದಪ್ಪ ಕಾರ್ಪೆಟ್ ಅಥವಾ ಮರದ ನೆಲಹಾಸು ಒತ್ತಡಕ್ಕೆ ನಿಧಾನವಾಗಿ ಕುಗ್ಗುವುದರಿಂದ ಮೊದಲ ಕೆಲವು ದಿನ ಮತ್ತೆ ಮತ್ತೆ ಬಿಗಿ ನೋಡಬೇಕಾಗುತ್ತದೆ. ಆಮೇಲೆಯೂ ಪ್ರತಿ ಸಲ ಹತ್ತುವ ಮುನ್ನ ಎರಡು ಕೈಯಿಂದ ಹಿಡಿದು, ನೆಲದ ಮೇಲೆ ಕಾಲೂರಿಕೊಂಡೇ ಎಲ್ಲ ದಿಕ್ಕಿಗೂ ಜೋರಾಗಿ ಎಳೆದು ನೋಡಬೇಕು. ಮೈಗೆ ಎಣ್ಣೆ ಅಥವಾ ಲೋಷನ್ ಹಚ್ಚಿದ ದಿನ ಅಭ್ಯಾಸ ಬೇಡ; ಆಡಿ ಮುಗಿದ ಮೇಲೆ ಕ್ರೋಮ್ ಮತ್ತು ಸ್ಟೀಲ್ ಪೋಲ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಪಾತ್ರೆ ಉಜ್ಜುವ ನಾರು ಮತ್ತು ಪುಡಿಗಳನ್ನು ಹತ್ತಿರವೂ ತರಬಾರದು.