ಹೊಂಡದ ಕಳೆಗೆ ಹುಲ್ಲುಗೆಂಡೆ: ಎಣಿಸಿ ಬಿಡಿ

ಭಾನುವಾರ ಸಂಜೆ ಗಾಳ ಹಾಕಿ ಕೂತರೆ ಮೀನಿನ ಬದಲು ಹಸಿರು ಜಡೆ ಎದ್ದು ಬರುತ್ತದೆ. ಬಿಡಿಸಿ, ಹುಳ ಚುಚ್ಚಿ, ಮತ್ತೆ ಎಸೆದರೆ ಮತ್ತೆ ಅದೇ. ಹಾನಗಲ್ ಕಡೆಯ ನಮ್ಮ ಹತ್ತು ಗುಂಟೆ ಹೊಂಡದಲ್ಲಿ ಎರಡು ವರ್ಷ ಇದೇ ಕಥೆ. ಕೊನೆಗೆ ಕೈ ಹಿಡಿದದ್ದು ಹುಲ್ಲುಗೆಂಡೆ. ಮಾರುವವರ ಬಾಯಲ್ಲಿ ಅದು ಗ್ರಾಸ್ ಕಾರ್ಪ್.

ಇದು ಮೂಲತಃ ಚೀನಾದ ದೊಡ್ಡ ನದಿಗಳ ಮೀನು. 1959ರಲ್ಲಿ ಕಟಕ್‌ಗೆ ಬಂದಿಳಿದು ಅಲ್ಲಿಂದ ದೇಶದ ತುಂಬ ಹರಡಿತು. ನಿಂತ ನೀರಿನಲ್ಲಿ ಇದು ಮರಿ ಮಾಡುವುದಿಲ್ಲ. ಮರಿ ಬೇಕಾದರೆ ಮರಿ ಕೇಂದ್ರದಲ್ಲಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟೇ ಮೊಟ್ಟೆ ಇಡಿಸಬೇಕು. ನಮಗೆ ಅದೇ ಅನುಕೂಲ. ಹೊಂಡದಲ್ಲಿ ನೀವು ಬಿಟ್ಟದ್ದಕ್ಕಿಂತ ಒಂದು ಮೀನೂ ಜಾಸ್ತಿ ಆಗುವುದಿಲ್ಲ.

ಕಳೆ ಯಾವುದು, ನೋಡಿ

ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಮನೆಯಲ್ಲಿದ್ದರೆ ಹೊಂಡಕ್ಕೆ ಎಸೆದು ಎಳೆಯಿರಿ. ಬಂದ ದಂಟಿನ ಒಂದೊಂದು ಗೆಣ್ಣಿಗೂ ಸುತ್ತಲೂ ನಾಲ್ಕೈದು ಸಣ್ಣ ಎಲೆ ಇದ್ದರೆ ಅದು ಹೈಡ್ರಿಲ್ಲಾ. ಹುಲ್ಲುಗೆಂಡೆಗೆ ಅದು ಹಬ್ಬದೂಟ. ನೀರೊಳಗೆ ಬೆಳೆಯುವ ಮೆತ್ತನೆಯ ಗಿಡಗಳು, ಮೇಲೆ ತೇಲುವ ಸಾಸಿವೆ ಗಾತ್ರದ ಹಸಿರು ಎಲೆ, ಅಜೋಲಾ, ಇವನ್ನೂ ಚೆನ್ನಾಗಿ ಮೇಯುತ್ತದೆ.

ಹುಬ್ಬಳ್ಳಿಯ ಉಣಕಲ್ ಕೆರೆಯನ್ನು ಕಾಡಿದ ಅಂತರಗಂಗೆ ನಿಮ್ಮ ಹೊಂಡದಲ್ಲಿದ್ದರೆ ಮಾತ್ರ ಈ ಮೀನಿನ ಆಸೆ ಬಿಡಿ. ಅದನ್ನು ಮುಟ್ಟುವುದೇ ಅಪರೂಪ. ಬಲಿತ ಜೊಂಡಿನ ಹತ್ತಿರವೂ ಸುಳಿಯುವುದಿಲ್ಲ. ಅವನ್ನು ಕೈಯಿಂದಲೇ ಕೀಳಬೇಕು, ಬೇರೆ ದಾರಿ ಇಲ್ಲ.

ಮೊದಲು ನೀವು ಕೀಳಿ, ಆಮೇಲೆ ಮೀನು

ಹೊಂಡ ತುಂಬ ಕಳೆ ಇರುವಾಗ ನಾಲ್ಕು ಮರಿ ಬಿಟ್ಟು ಕಾದರೆ ಏನೂ ಆಗುವುದಿಲ್ಲ. ಅವು ತಿನ್ನುವುದಕ್ಕಿಂತ ಕಳೆ ಬೇಗ ಬೆಳೆಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅರ್ಧಕ್ಕಿಂತ ಹೆಚ್ಚು ಕಳೆಯನ್ನು ಎಳೆದು ಹಾಕಿ. ದಂಡೆಯಲ್ಲೇ ಗುಡ್ಡೆ ಹಾಕಬೇಡಿ, ಮಳೆ ಬಂದರೆ ಅದರ ಸಾರವೆಲ್ಲ ಮತ್ತೆ ಹೊಂಡಕ್ಕೇ. ತಿಪ್ಪೆಗೆ ಸಾಗಿಸಿ.

ಕಳೆನಾಶಕ ಹೊಡೆದರೆ ಮುಗಿಯಿತಲ್ವಾ ಅನ್ನುವವರಿದ್ದಾರೆ. ಕಳೆಯೆಲ್ಲ ಒಟ್ಟಿಗೆ ಸತ್ತು ಕೊಳೆತರೆ ನೀರಿನ ಆಮ್ಲಜನಕ ಬರಿದಾಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಅಷ್ಟು ಹೊತ್ತಿಗೆ ನಾವು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಕೋಡಿಗೆ ಜಾಲರಿಯನ್ನೂ ಮಳೆಗಾಲಕ್ಕೆ ಮೊದಲೇ ಕಟ್ಟಿ. ಹರಿಯುವ ನೀರು ಕಂಡರೆ ಇದು ನುಗ್ಗುವ ಜಾತಿ, ಹಾರುವುದೂ ಗೊತ್ತು. ಕೋಡಿ ದಾಟಿದರೆ ಹಳ್ಳ, ಅಲ್ಲಿಂದ ಧರ್ಮಾ, ಆಮೇಲೆ ವರದಾ. ನಿಮ್ಮ ದುಡ್ಡೂ ಹೋಯಿತು, ನದಿಗೆ ಹೊರಗಿನ ಮೀನೂ ಸೇರಿತು.

ಮರಿಯಲ್ಲಿ ನಾನು ಕೆಟ್ಟದ್ದು

ಮೊದಲ ಸಲ ಬೆರಳಿಗಿಂತ ಸಣ್ಣ ಮರಿಗಳನ್ನು ತಂದು ನೇರ ಹೊಂಡಕ್ಕೆ ಸುರಿದೆ. ಮಾರನೇ ದಿನದಿಂದಲೇ ನೀರುಕಾಗೆಗಳು ಸಾಲಾಗಿ ಕೂತವು. ಪಕ್ಕದ ಹೊಲದ ಕಾಕಾ ನೋಡಿ, "ಏನಪಾ, ಮೀನ ಬಿಟ್ಟಿಯೋ, ನೀರಕಾಗಿಗೆ ಊಟಕ್ಕ ಕರದಿಯೋ?" ಅಂದರು. ಹದಿನೈದು ದಿನದಲ್ಲಿ ಒಂದೂ ಕಾಣಲಿಲ್ಲ. ಉಳಿದಿದ್ದರೂ ಕೆಲಸವೇನೂ ಆಗುತ್ತಿರಲಿಲ್ಲ. ತೀರಾ ಚಿಕ್ಕವು ನೀರಿನ ಸೂಕ್ಷ್ಮ ಜೀವಿಗಳನ್ನು ತಿಂದು ಬದುಕುತ್ತವೆ, ಗಿಡ ಮೇಯುವ ಬಾಯಿ ಆಮೇಲೆ ಬರುವುದು.

ಹಾಗಾಗಿ ಎರಡನೇ ಸಲ ಹೊಂಡದೊಳಗೇ ನಾಲ್ಕು ಗೂಟ ನೆಟ್ಟು ಹಾಪಾ ಕಟ್ಟಿದೆ. ಸಣ್ಣ ಕಣ್ಣಿನ ಬಲೆಯ ಪೆಟ್ಟಿಗೆ ಅದು. ಮೇಲೆಯೂ ಬಲೆ ಮುಚ್ಚಿ, ಎಮ್ಮೆಗೆ ಬೆಳೆಸಿದ್ದ ಅಜೋಲಾದಲ್ಲಿ ಒಂದು ಪಾಲು ಮರಿಗಳಿಗೆ ಹಾಕಿದೆ. ಗೇಣುದ್ದ ಆದ ಮೇಲೆ ಹೊರಗೆ ಬಿಟ್ಟೆ. ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಕೊಳ್ಳುವಾಗ ಬರೀ 'ಗೆಂಡೆ ಮರಿ' ಅಂತ ಕೇಳಬೇಡಿ. ಸಾಮಾನ್ಯ ಗೆಂಡೆ ಕೊಟ್ಟುಬಿಟ್ಟಾರು. ಅದು ತಳ ಕೆದಕಿ ನೀರು ರಾಡಿ ಮಾಡುತ್ತದೆ, ಹೊಂಡದಲ್ಲೇ ಮರಿಯನ್ನೂ ಹಾಕುತ್ತದೆ. ಬಾಯಿಯ ಪಕ್ಕ ಮೀಸೆ ಇದ್ದರೆ ಅದೇ. ಹುಲ್ಲುಗೆಂಡೆಗೆ ಮೀಸೆ ಇಲ್ಲ, ಮೈ ಉದ್ದ, ಉರುಟು.

ಎಷ್ಟು ಬಿಡಬೇಕು?

ಹೈಡ್ರಿಲ್ಲಾ ತುಂಬಿದ ಒಂದು ಹೆಕ್ಟೇರ್ ನೀರಿಗೆ ಅರ್ಧ ಕಿಲೋ ತೂಕದ 300–400 ಮೀನು ಬೇಕೆಂಬುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಲೆಕ್ಕ. ಎಕರೆಗೆ 120–160, ಹತ್ತು ಗುಂಟೆಗೆ 30–40 ಆಯಿತು. ಅದು ಕಳೆಯನ್ನು ಬುಡಸಮೇತ ಮುಗಿಸುವ ಲೆಕ್ಕ. ಮೊದಲೇ ಕೈಯಿಂದ ಕಿತ್ತಿದ್ದರೆ ಅಷ್ಟು ಬೇಡ. ನಾನು ಬಿಟ್ಟದ್ದು ಹನ್ನೆರಡು.

ಜಾಸ್ತಿ ಬಿಟ್ಟರೆ ಏನು ತೊಂದರೆ? ಬೆಚ್ಚಗಿನ ನೀರಿನಲ್ಲಿ ಹುಲ್ಲುಗೆಂಡೆ ದಿನಕ್ಕೆ ತನ್ನ ತೂಕದಷ್ಟು ಹಸಿರು ಮೇಯಬಲ್ಲದು, ಆದರೆ ತಿಂದದ್ದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ. ಉಳಿದದ್ದೆಲ್ಲ ಗೊಬ್ಬರವಾಗಿ ನೀರಿಗೇ ಬೀಳುತ್ತದೆ. ಗಿಡವೂ ಇಲ್ಲ, ಗೊಬ್ಬರ ಮಾತ್ರ ಇದೆ ಅಂದಾಗ ನೀರು ಪಾಲಕ್ ಸಾರಿನಂತೆ ಹಸಿರಾಗುತ್ತದೆ. ಕಳೆ ಪೂರ್ತಿ ಹೋಗುವುದೂ ಒಳ್ಳೆಯದಲ್ಲ, ಬೇರೆ ಮೀನಿನ ಮರಿಗಳಿಗೆ ಅಡಗಲು ಜಾಗ ಬೇಕಲ್ಲ. ಕಾಲು ಭಾಗ ಉಳಿಯಲಿ. ನೀರನ್ನು ಹಸಿರು ಮಾಡುವ ಸೂಕ್ಷ್ಮ ಪಾಚಿ ತಿಂದು ಬದುಕುವ ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್) ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹೊಲದ ಯೂರಿಯಾ, ಕೊಟ್ಟಿಗೆಯ ಗಂಜಲ ಹೊಂಡಕ್ಕೆ ಹರಿಯುತ್ತಿದ್ದರೆ ಮಾತ್ರ ಮೊದಲು ಬದು ಹಾಕಿ ತಡೆಯಿರಿ. ಅದು ನಿಲ್ಲದೆ ಕಳೆ ನಿಲ್ಲುವುದಿಲ್ಲ.

ಬಿಡುವ ದಿನ

ಬೆಳಿಗ್ಗೆ ಅಥವಾ ಸಂಜೆ ತಂಪು ಹೊತ್ತು. ಮರಿ ಇರುವ ಪ್ಲಾಸ್ಟಿಕ್ ಚೀಲವನ್ನು ಕಾಲು ಗಂಟೆ ಹಾಗೇ ಹೊಂಡದಲ್ಲಿ ತೇಲಿಸಿ. ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ. ತಾವಾಗಿಯೇ ಈಜಿ ಹೋಗಲಿ, ಸುರಿಯಬೇಡಿ. ಹಾಪಾಕ್ಕೆ ಹಾಕುವಾಗಲೂ ಇದೇ ಕ್ರಮ.

ಆಮೇಲೆ ಒಂದು ಚಪಲ ಬಿಡಬೇಕು. ಮಕ್ಕಳು ಖುಷಿಗೆ ತೌಡು, ಚುರುಮರಿ ಎಸೆಯುತ್ತಾರೆ. ಸುಲಭದ ತಿಂಡಿ ಸಿಕ್ಕರೆ ಮೀನು ಕಳೆಯನ್ನು ಮೂಸಿಯೂ ನೋಡುವುದಿಲ್ಲ. ನಮ್ಮಲ್ಲಿ ಒಂದು ತಿಂಗಳು ಹೀಗೇ ಹಾಳಾಯಿತು.

ನಾಲ್ಕೈದು ವರ್ಷ ಕಳೆದ ದೊಡ್ಡ ಮೀನು ತನ್ನ ಗಾತ್ರಕ್ಕೆ ಹೋಲಿಸಿದರೆ ಕಡಿಮೆ ಮೇಯುತ್ತದೆ. ಅದನ್ನು ಹಿಡಿದು ಹೊಸ ಮರಿ ಬಿಡಬೇಕು. ನೆನೆಸಿದ ಗೋವಿನಜೋಳದ ಕಾಳು ಗಾಳಕ್ಕೆ ಚುಚ್ಚಿ, ಹಾವೇರಿ ಜಿಲ್ಲೆಯಲ್ಲಿ ಅದಕ್ಕೇನು ಬರವಿಲ್ಲ. ದಂಡೆಯಿಂದ ದೂರ ಕೂತುಕೊಳ್ಳಿ. ನಿಮ್ಮ ನೆರಳು ನೀರಿಗೆ ಬಿದ್ದರೆ ಆ ದಿನ ಅದು ಸಿಗುವುದಿಲ್ಲ.