ಖಾರ ಇರಲಿ, ಉಪ್ಪು ಇಳಿಯಲಿ: ಮನೆಯ ಚಿಲ್ಲಿ ಸಾಸ್ ಕುರಿತು ನನ್ನ ಅನುಭವ

ಮುಂಬಯಿಯಲ್ಲಿ ಆಹಾರತಜ್ಞೆಯಾಗಿರುವ ನನ್ನ ಬಳಿಗೆ ರಕ್ತದೊತ್ತಡವೆಂದು ಬರುವವರಲ್ಲಿ ಬಹಳ ಮಂದಿ ಮೊದಲು ಕೇಳುವುದು ಖಾರ ಬಿಡಬೇಕೇ ಎಂದು. ಖಾರವನ್ನಲ್ಲ, ಅದರ ಜೊತೆಗೆ ಹೊಟ್ಟೆ ಸೇರುವ ಉಪ್ಪನ್ನು ಬಿಡಿ ಎನ್ನುತ್ತೇನೆ. ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಉಪ್ಪಿನಕಾಯಿಯ ವಿಷಯದಲ್ಲಿ ಎಲ್ಲರಿಗೂ ಎಚ್ಚರವಿದೆ. ಆದರೆ ನೂಡಲ್ಸಿಗೂ ಫ್ರಾಂಕಿ ಎಂಬ ರೊಟ್ಟಿಸುರುಳಿಗೂ ಸುರಿದುಕೊಳ್ಳುವ ಚಿಲ್ಲಿ ಸಾಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಟಲಿಯ ಹಿಂದೆ 100 ಗ್ರಾಂಗೆ 2000 ಮಿಲಿಗ್ರಾಂ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಎಂದಿದ್ದರೆ, ಚಹಾ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಸಾಸಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಅಷ್ಟಕ್ಕೇ ಕೈ ತಡೆಯುವವರು ಕಡಿಮೆ. 30 ಗ್ರಾಂ ಹಾಕಿಕೊಂಡರೆ 600 ಮಿಲಿಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ಇಡೀ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ, ಅಂದರೆ 5 ಗ್ರಾಂ ಉಪ್ಪಿನೊಳಗೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಮೆಣಸಿನಕಾಯಿಗಿಂತ ಮೇಲೆ ಸಕ್ಕರೆ ಇದ್ದರೆ ಕೊಳ್ಳುವವರು ಅದನ್ನೂ ಗಮನಿಸಬೇಕು.

ಬೇಡ ಎಂದಷ್ಟೇ ಹೇಳಿದರೆ ಯಾರೂ ಪಾಲಿಸುವುದಿಲ್ಲವೆಂದು ನಾನೇ ಮನೆಯಲ್ಲಿ ಸಾಸ್ ಮಾಡತೊಡಗಿದೆ. ಮುಂಬಯಿಯ ಲಾಲ್‌ಬಾಗಿನ ಮಸಾಲೆ ಅಂಗಡಿಗಳಲ್ಲಿ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಧಾರಾಳವಾಗಿ ಸಿಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಮುರಿದು ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಅಥವಾ ಒಳಗೆ ಬೂದು ಬೂಷ್ಟು ಕಂಡರೆ ನಾನು ಕೊಳ್ಳುವುದಿಲ್ಲ, ಏಕೆಂದರೆ ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲಿ ಬೆಳೆಯುವ ಶಿಲೀಂಧ್ರವು ಯಕೃತ್ತಿಗೆ ವಿಷವಾದ ಅಫ್ಲಾಟಾಕ್ಸಿನ್ನನ್ನು ಉಂಟುಮಾಡಬಲ್ಲದು.

ತೊಟ್ಟು ತೆಗೆದು, ಬೀಜ ಉದುರಿಸಿ, ಒಳಗಿನ ತಿಳಿಬಣ್ಣದ ಎಳೆಗಳನ್ನು ಕೆರೆದುಬಿಡುತ್ತೇನೆ. ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಖ್ಯವಾಗಿ ಕೂಡಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಈ ಎಳೆಗಳಲ್ಲಿ. ಬಿಸಿನೀರಿನಲ್ಲಿ ನೆನೆಸಿದ ಕಾಯಿಗಳನ್ನು ಬೆಳ್ಳುಳ್ಳಿ, ಬೇಯಿಸಿದ ಗಜ್ಜರಿ ಮತ್ತು ವಿನೆಗರ್ ಜೊತೆ ನುಣ್ಣಗೆ ರುಬ್ಬಿ, ಕೆಲವು ಹನಿ ಎಣ್ಣೆ ಹಾಕಿ ಚೆನ್ನಾಗಿ ಕುದಿಸುತ್ತೇನೆ. ಗಜ್ಜರಿಯ ಸಿಹಿಯೇ ಸಾಕಾಗುವುದರಿಂದ ಸಕ್ಕರೆ ಬೇಕಾಗುವುದಿಲ್ಲ. 250 ಗ್ರಾಂ ಸಾಸಿಗೆ ನಾನು ಹಾಕುವ ಉಪ್ಪು 5 ಗ್ರಾಂ. ಹಾಗಾಗಿ ಒಂದು ಚಹಾ ಚಮಚ ಸಾಸಿನಲ್ಲಿ ಸುಮಾರು 40 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಹುಳಿ ಮತ್ತು ಖಾರ ಮುಂದೆ ನಿಂತಾಗ ನಾಲಿಗೆ ಉಪ್ಪಿನ ಕೊರತೆಯನ್ನು ಅಷ್ಟಾಗಿ ಕೇಳುವುದಿಲ್ಲ ಎಂಬುದು ಊಟದ ಮೇಜಿನಲ್ಲಿ ನಾನು ಕಂಡದ್ದು.

ಉಪ್ಪು ಇಳಿಸಿದ ಮೇಲೆ ಕೆಡದಂತೆ ಕಾಯಬೇಕಾದದ್ದು ಹುಳಿಯೇ. ಆಮ್ಲೀಯತೆ ಸಾಲದ ಬೆಳ್ಳುಳ್ಳಿ ಮಿಶ್ರಣದಲ್ಲಿ, ಅದರಲ್ಲೂ ಗಾಳಿಯಾಡದ ಬಾಟಲಿಯಲ್ಲಿ, ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದನ್ನು ತಡೆಯಲು ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿರಬೇಕು, ನಾನು ಪಿಎಚ್ ಪಟ್ಟಿಯಿಂದ ನೋಡಿ 4ರ ಒಳಗೇ ಇರಿಸುತ್ತೇನೆ. ಆದರೂ ಸಾಸ್ ಇಡುವುದು ಫ್ರಿಜ್ಜಿನಲ್ಲೇ.

ಇದರ ಪೋಷಣೆಯ ಬಗ್ಗೆ ಹೆಚ್ಚಿನ ಆಸೆ ಹುಟ್ಟಿಸಲಾರೆ. ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅವರು ಹಂಗೇರಿಯಲ್ಲಿ ವಿಟಮಿನ್ ಸಿಯನ್ನು ಹೇರಳವಾಗಿ ಪಡೆದದ್ದು ಅಲ್ಲಿನ ಕೆಂಪು ಮೆಣಸಿನಕಾಯಿಯಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅದು ತಾಜಾ ಕಾಯಿಯ ಮಾತು. ಒಣಗಿಸಿ, ಕುದಿಸಿ, ಚಮಚದಷ್ಟು ತಿಂದಾಗ ದೊರೆಯುವುದು ಅತ್ಯಲ್ಪ. ಖಾರದಿಂದ ತೂಕ ಇಳಿಯುತ್ತದೆ ಎಂಬ ನಂಬಿಕೆಯನ್ನೂ ನಾನು ಪ್ರೋತ್ಸಾಹಿಸುವುದಿಲ್ಲ. ಆ ಪರಿಣಾಮ ತೀರ ಚಿಕ್ಕದು.

ಖಾರದಿಂದಲೇ ಹೊಟ್ಟೆಹುಣ್ಣಾಗುತ್ತದೆ ಎಂಬುದೂ ಸರಿಯಲ್ಲ. ಅದಕ್ಕೆ ಮುಖ್ಯ ಕಾರಣಗಳು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಕೆಲವು ನೋವಿನ ಮಾತ್ರೆಗಳು; ಆ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ದೊರೆಯಿತು. ಆದರೆ ಎದೆಯುರಿ, ಹುಳಿತೇಗು, ಗುದದ ಬಿರುಕು ಇರುವವರಿಗೆ ಖಾರ ನಿಜವಾಗಿಯೂ ಯಾತನೆ ಕೊಡುತ್ತದೆ. ವಿನೆಗರ್ ಕೂಡ ಎದೆಯುರಿ ಹೆಚ್ಚಿಸಬಹುದು. ಅಂಥವರಿಗೆ ನನ್ನ ಸಾಸನ್ನೂ ಕೊಡದೆ, ಹುರಿದ ಜೀರಿಗೆಪುಡಿ ಮತ್ತು ಕೊತ್ತಂಬರಿ ಸೊಪ್ಪಿನಿಂದ ರುಚಿ ತಂದುಕೊಳ್ಳಲು ಹೇಳುತ್ತೇನೆ.